ಹೂ ತೆಗೆಯುವವರೆಗೆ

೭-೯-೧೯೯೮, ಸೋಮವಾರ

ಇಂದು ಸೆಕ್ರೆಟರಿ ಮಹಾಲಿಂಗ ಸಾರ್ ಮುಂದೆ ನನ್ನ ವರದಿ ಇಟ್ಟೆ. ಎರಡೇ ಪುಟ. ಹೆಚ್ಚು ಬರೆದರೆ ಅವರು ಓದುವುದಿಲ್ಲ, ಕಡಿಮೆ ಬರೆದರೆ ಕೆಲಸವನ್ನೇ ಮಾಡಿಲ್ಲ ಅನ್ನುತ್ತಾರೆ.

ವಿಷಯ ಇಷ್ಟೇ. ನಮ್ಮ ದನಗಳ ಆರೋಗ್ಯ ಸಂಘಕ್ಕೆ ಮೂರು ಕಂಪ್ಯೂಟರುಗಳಿವೆ. ಚಾಮರಾಜನಗರದ ಹೆಡ್ಡಾಫೀಸಿನಲ್ಲಿ ನನ್ನದು, ಇನ್ನೊಂದು ಚಂದಕವಾಡಿಯಲ್ಲಿ, ಮತ್ತೊಂದು ಗುಂಡ್ಲುಪೇಟೆಯಲ್ಲಿ. ಸಂಘಕ್ಕೆ ಸೇರಿದ ಪ್ರತಿ ಹಸು ಎಮ್ಮೆಯ ಕಿವಿಯ ನಂಬರು, ಅದರ ತಾಯಿ ಯಾವುದು, ಎಷ್ಟು ಕರು ಹಾಕಿದೆ, ಯಾವ ಚುಚ್ಚುಮದ್ದು ಯಾವಾಗ ಆಯಿತು, ಎಲ್ಲ ಅವುಗಳಲ್ಲಿದೆ. ತಮಾಷೆ ಏನೆಂದರೆ ಮೂರರಲ್ಲೂ ಮೂರು ಕಡೆಯ ದನಗಳೂ ಇವೆ. ಆಯಾ ದಿನ ಹೊಸದಾಗಿ ಬರೆದದ್ದನ್ನು ಸಂಜೆ ಫ್ಲಾಪಿಗೆ ಹಾಕಿ ಬಸ್ಸಿನ ಕಂಡಕ್ಟರ್ ಶಿವರಾಮು ಕೈಗೆ ಕೊಡುತ್ತೇವೆ. ಅವನು ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಉಳಿದೆರಡು ಕಡೆಗೂ ಮುಟ್ಟಿಸುತ್ತಾನೆ. ಒಂದೇ ಹಸುವನ್ನು ಮೂರು ಕೊಟ್ಟಿಗೆಯಲ್ಲಿ ಕಟ್ಟಿ ಮೂರು ಕಡೆ ಹುಲ್ಲು ಹಾಕಿದ ಹಾಗೆ. ಮೂರೂ ಮಿಷನ್ನಿನ ಹಾರ್ಡ್ ಡಿಸ್ಕ್ ತುಂಬಿಹೋಗಿದೆ, ಹೊಸ ಕರು ಹುಟ್ಟಿದರೆ ಬರೆಯಲು ಜಾಗವಿಲ್ಲ.

ನನ್ನ ಸಲಹೆ: ಮೂರು ಕಡೆ ದೊಡ್ಡ ಡಿಸ್ಕ್ ಹಾಕುವ ಬದಲು ಚಾಮರಾಜನಗರದಲ್ಲಿ ಒಂದೇ ದೊಡ್ಡ ಮಿಷನ್ನು ಇಡಿ, ಉಳಿದೆರಡನ್ನು ಮುಚ್ಚಿ. ಆ ದೊಡ್ಡದನ್ನು ನೋಡಿಕೊಳ್ಳುವ ಮುಖ್ಯಸ್ಥೆ ಯಾರಾಗಬೇಕು ಎಂದು ನಾನು ಬರೆಯಲಿಲ್ಲ. ಬರೆಯಬೇಕಾಗಿಯೂ ಇಲ್ಲ.

ಸಾರ್ ಕನ್ನಡಕ ತೆಗೆದು ಒರೆಸಿದರು. "ಶಾಂತಮಲ್ಲಮ್ಮ, ಡಿಸ್ಕು ಮೂರಕ್ಕೂ ಆಗ್ಲೇ ಆರ್ಡರ್ ಕೊಟ್ಬುಟ್ಟಿದ್ದೀನಲ್ಲ. ಹಾಕಿ ನೋಡನ. ಹಾಕೋವಾಗ ಎಲ್ಲಾದ್ರೂ ಒಂದ್ ಕಡೆ ಕೆಲ್ಸ ನಿಂತೋಯ್ತು ಅನ್ನಿ, ಆಗ ನಿಮ್ ಮಾತೇ ಸರಿ. ಎರಡನ್ನೂ ಮುಚ್ಚಿ ಒಂದೇ ಇಟ್ಕೊಳನ. ಅಕ್ಟೋಬರ್ ಹನ್ನೆರಡಕ್ಕೆ ಕಾಲುಬಾಯಿ ಜ್ವರದ ಚುಚ್ಚುಮದ್ದು ಶುರು, ಅಷ್ಟರೊಳಗೆ ಮುಗೀಬೇಕು."

ಅಂದರೆ ಕೆಲಸ ನಿಲ್ಲದಿದ್ದರೆ ನನ್ನ ಕೈಚಳಕ, ನಿಂತರೆ ನನ್ನ ವರದಿ. ಹೇಗೆ ಬಿದ್ದರೂ ಗೆಲುವು ನನ್ನದೇ. ಚಂದಕವಾಡಿಯ ಪುಟ್ಟಮಲ್ಲಪ್ಪನವರಿಗೆ ಹಾಲು ಪರೀಕ್ಷೆ ಮಾಡುವ ಹಳೇ ಕೆಲಸ ಇದ್ದೇ ಇದೆ. ಗುಂಡ್ಲುಪೇಟೆಯ ಆ ಹುಡುಗಿ ಮಾತ್ರ ಟೆಂಪರರಿ. ಮಿಷನ್ನು ಹೋದರೆ ಅವಳೂ ಮನೆಗೆ. ಪಾಪವೇ, ಆದರೆ ನಾನೇನು ಮಾಡಲಿ.

ಅಮ್ಮನಿಗೆ ಹೇಳಿದೆ, ಮುಖ್ಯಸ್ಥೆ ಆಗಬಹುದು ಅಂತ. "ಅಂಗಾದ್ರೆ ಇನ್ನ ಗಂಡು ಸಿಕ್ದಂಗೇ ಬುಡು" ಅಂದಳು.

೧೧-೯-೧೯೯೮, ಶುಕ್ರವಾರ

ಡಿಸ್ಕ್ ಬಂದವು. ಮೈಸೂರಿನಿಂದ ಒಬ್ಬ ಎಂಜಿನಿಯರ್ ಹೊತ್ತು ತಂದ. ಅಂಗೈಯಗಲದ ಕಬ್ಬಿಣದ ಡಬ್ಬಿಗಳು, ಹಳೆಯದರ ಹತ್ತರಷ್ಟು ಹಿಡಿಸುತ್ತವಂತೆ, ನೋಡಲು ಮಾತ್ರ ಅದಕ್ಕಿಂತ ತೆಳ್ಳಗಿವೆ.

ಒಂದೇ ಮಾತನ್ನು ಮೂರು ಸಲ ಹೇಳಿದ. ಒಂದು ಮಿಷನ್ನು ಬಿಚ್ಚಿ, ಹೊಸ ಡಿಸ್ಕಿಗೆ ಎಲ್ಲ ತುಂಬಿ, ಪ್ರತಿ ಹಳ್ಳಿಯೂ ಬಂದಿದೆಯೇ ಎಂದು ಎಣಿಸಿ, ಆಮೇಲೇ ಇನ್ನೊಂದಕ್ಕೆ ಕೈ ಹಾಕಬೇಕು. ಯಾವ ಕಾರಣಕ್ಕೂ ಎರಡನ್ನು ಒಟ್ಟಿಗೆ ಬಿಚ್ಚಬಾರದು. ಒಂದು ಕೈಕೊಟ್ಟರೆ ಉಳಿದೆರಡರಲ್ಲಿ ಇರುತ್ತದೆ ಎನ್ನುವುದೇ ಈ ಏರ್ಪಾಡಿನ ಜೀವ. ತಲೆಯಾಡಿಸಿದೆ. ಆರು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವಳಿಗೆ ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದ ಹಾಗೆ ಕಲಿಸಿಹೋದ.

೧೬-೯-೧೯೯೮, ಬುಧವಾರ

ಗುಂಡ್ಲುಪೇಟೆಗೆ ಹೋಗಿಬಂದೆ, ಅಲ್ಲಿನ ಮಿಷನ್ನು ಹೇಗಿದೆ ನೋಡಲು. ತೆರಕಣಾಂಬಿ ದಾಟಿದ ಮೇಲೆ ಬಸ್ಸು ನಡೆಯಲೇ ಇಲ್ಲ. ಈರುಳ್ಳಿ ಲಾರಿಗಳು ಕೇರಳಕ್ಕೆ ಹೊರಟು ಒಂದರ ಹಿಂದೊಂದು ನಿಂತಿದ್ದವು. ಮೈಯೆಲ್ಲ ಈರುಳ್ಳಿ ವಾಸನೆ.

ಆಫೀಸು ಗೊಬ್ಬರದಂಗಡಿಯ ಮೇಲಿನ ಎರಡು ಕೋಣೆ. ಒಳಗೆ ಕಾಲಿಟ್ಟವಳಿಗೆ ಮೊದಲು ಕಂಡದ್ದೇ ಮಾನಿಟರ್ ತಲೆಯ ಮೇಲೆ ಚೆಂಡುಹೂ. ಅದರ ಹಣೆಗೆ ಕುಂಕುಮ. ಆಫೀಸು ಗುಡಿಸುವ ದೊಡ್ಡಮಾದಮ್ಮನ ಕೆಲಸವಂತೆ. ಹೂವಿನ ಪುಡಿ ಒಳಗೆ ಬಿದ್ದರೆ ಮಿಷನ್ನಿನ ಗತಿಯೇನು ಎಂದು ಗದರಿಕೊಂಡೆ.

ಅವಳು ಜಗ್ಗಲಿಲ್ಲ. "ಅನ್ನ ಕೊಡೋ ವಸ್ತ ಕಣವ್ವ. ಬರೀ ಮೊಕದಲ್ಲಿ ಕೂರ್ಸಬಾರ್ದು."

ಆಪರೇಟರ್ ಹುಡುಗಿ ಮೆತ್ತಗೆ ಹೇಳಿದಳು: "ಇರ್ಲಿ ಬುಡಿ ಮೇಡಂ. ಗಾಳಿ ಆಡೋ ತೂತಿನ್ ಕಡೆ ಮಡುಗ್ಬ್ಯಾಡ ಅಂತ ಹೇಳಿವ್ನಿ." ಹೆಸರು ಉಮ್ಮೆ ಹಬೀಬಾ. ಮಾತು ಕಡಿಮೆ. ಕೀ ನೋಡದೆ ಟೈಪ್ ಮಾಡುತ್ತಾಳೆ. ನಾನೂ ಮಾಡುತ್ತೇನೆ, ಆದರೆ ಆಗೊಮ್ಮೆ ಈಗೊಮ್ಮೆ ನೋಡುತ್ತೇನೆ.

ಮಧ್ಯಾಹ್ನ ಹಿಂದಿನ ಬೀದಿಯ ಅವಳ ಮನೆಗೆ ಕರೆದಳು. ಅಪ್ಪ ಬಷೀರ್ ಅಹಮದ್ ಲಾರಿಗಳ ಟಾರ್ಪಾಲ್ ಹೊಲಿಯುತ್ತಾರೆ. ಜಗಲಿ ತುಂಬ ಟಾರ್ಪಾಲ್ ಹರಡಿತ್ತು, ದಾಟಿಕೊಂಡು ಹೋಗಬೇಕು. ಅಮ್ಮ ಕುಲ್ಸುಂ ಬಿ ಲೋಟದಲ್ಲಿ ಟೀ ತಂದಿಟ್ಟು, "ನಮ್ ಮನೇದು ಕುಡೀತೀರೋ ಇಲ್ವೋ ಅಂತ ಓಟ್ಲಿಂದ ತರ್ಸ್ದೆ ಕಣಮ್ಮ" ಅಂದರು. ಈಗ ತಾನೇ ಕುಡಿದೆ ಎಂದುಬಿಟ್ಟೆ. ಕುಡಿದಿರಲಿಲ್ಲ. ಆಮೇಲೆ ಬಸ್ಸಿನಲ್ಲಿ ತಲೆನೋವು.

ಹೊರಡುವಾಗ ಕುಲ್ಸುಂ ಬಿ ಬಾಗಿಲವರೆಗೆ ಬಂದರು. "ನಮ್ ವಂಸದಲ್ಲೇ ಆಪೀಸಲ್ಲಿ ಕುರ್ಚಿ ಮ್ಯಾಲೆ ಕುಂತ ಮೊದಲ್ನೇ ಎಣ್ಣುಮಗಳು ಇವ್ಳು. ನೀವು ದೊಡ್ಡೋರು, ಒಸಿ ನೋಡ್ಕಳಿ."

ಇಂಥದ್ದನ್ನೆಲ್ಲ ಜನ ನನಗೆ ಯಾಕೆ ಹೇಳುತ್ತಾರೋ.

೨೨-೯-೧೯೯೮, ಮಂಗಳವಾರ

ಮಳೆ. ಕರೆಂಟಿಲ್ಲ. ಕೆಲಸವಿಲ್ಲ. ಬಜ್ಜಿ ತಿಂದೆ.

೨೪-೯-೧೯೯೮, ಗುರುವಾರ

ಮೊದಲ ಡಿಸ್ಕ್ ಹಾಕಿ ಆಯಿತು. ಚಂದಕವಾಡಿ.

ಕಲಿಯಲಿ ಎಂದು ಸಾರ್ ಉಮ್ಮೆ ಹಬೀಬಾಳನ್ನೂ ಕಳಿಸಿದ್ದರು. ಬೆಳಿಗ್ಗೆ ಎರಡು ಬಸ್ಸು ಹತ್ತಿ ಬಂದಿದ್ದಾಳೆ ಪಾಪ. ಪುಟ್ಟಮಲ್ಲಪ್ಪನವರು ನಮಗೆ ಮೊಸರು, ಮಿಷನ್ನಿಗೆ ಊದುಬತ್ತಿ ತಯಾರು ಮಾಡಿಟ್ಟಿದ್ದರು. ಊದುಬತ್ತಿ ಆರಿಸಿದೆ.

ಹೊಸ ಡಿಸ್ಕ್ ಸೇರಿಸಿ ಸ್ವಿಚ್ ಒತ್ತಿದರೆ ಮಿಷನ್ನು ಅದರ ಕಾಲುಭಾಗವನ್ನು ಮಾತ್ರ ತೋರಿಸಿತು. ಮುಕ್ಕಾಲು ಡಿಸ್ಕ್ ಇಲ್ಲವೇ ಇಲ್ಲ ಅನ್ನುತ್ತದೆ. ಹಳೇ ಮಿಷನ್ನಿಗೆ ಅಷ್ಟು ದೊಡ್ಡದನ್ನು ನೋಡಿ ಅಭ್ಯಾಸವಿಲ್ಲವಲ್ಲ. ಮೈಸೂರಿಗೆ ಫೋನ್ ಮಾಡಿದರೆ, ಅದಕ್ಕೆಂದೇ ಒಂದು ಫ್ಲಾಪಿ ಕೊಟ್ಟಿರುತ್ತಾರೆ ನೋಡಿ ಅಂದರು. ಎಲ್ಲೂ ಇಲ್ಲ. ಮಧ್ಯಾಹ್ನವೆಲ್ಲ ಹುಡುಕಾಟ. ಕೊನೆಗೆ ಉಮ್ಮೆ ಹಬೀಬಾ ಬಿಸಾಡಿದ್ದ ಡಬ್ಬ ತಂದು, ಥರ್ಮೊಕೋಲ್ ಅಡಿಯಿಂದ ಫ್ಲಾಪಿ ಎತ್ತಿಕೊಟ್ಟಳು. ಡಬ್ಬ ಬಿಸಾಡಿದವಳು ನಾನೇ. ಅವಳು ಹಾಗೆಂದು ಹೇಳಲಿಲ್ಲ, ಆ ಮಟ್ಟಿಗೆ ಒಳ್ಳೆಯ ಹುಡುಗಿ.

ಕಾಪಿ ಶುರುವಾಗುವ ಹೊತ್ತಿಗೆ ಸಂಜೆ. ದೂರ ಹೋಗಬೇಕಾದವಳೆಂದು ಅವಳನ್ನು ಕಳಿಸಿದೆ. ಬಾಗಿಲಲ್ಲಿ ತಿರುಗಿ ನಿಂತು, "ಕೊನೇಲಿ ಅಳ್ಳಿ ಎಣಿಸ್ಬೇಕಲ್ವಾ ಮೇಡಂ" ಅಂದಳು. ನನಗೂ ಗೊತ್ತು ಅಂದೆ.

ಕಾಪಿ ಮುಗಿಯುವುದಕ್ಕೂ ಕೊನೇ ಬಸ್ಸಿನ ಹಾರನ್ನಿಗೂ ಸರಿಹೋಯಿತು. ಪರದೆಯ ಮೇಲೆ ಅದೇನೋ ಒಂದು ಸಾಲು ಇಂಗ್ಲಿಷಿನಲ್ಲಿ ಬಂತು, ಒಂದು ಕೀ ಒತ್ತಿದೆ, ಹೋಯಿತು. ಹಳೇ ಡಿಸ್ಕನ್ನು ಬಿಚ್ಚಿ ಪುಟ್ಟಮಲ್ಲಪ್ಪನವರ ಕೈಗಿಟ್ಟು, ಇದು ಜೋಪಾನ, ಎಲ್ಲ ಸರಿಹೋಗುವ ತನಕ ಬೇಕಾಗಬಹುದು ಎಂದು ಹೇಳಿ ಓಡಿದೆ.

"ನೀವೇನ್ ಯೋಚ್ನೆ ಮಾಡ್ಬೇಡಿ ಕಣವ್ವ, ಮನೆ ದೇವ್ರಂಗೆ ನೋಡ್ಕತೀನಿ" ಅಂದರು.

ಎಷ್ಟು ಸಲೀಸಾಗಿ ಆಯಿತು. ಆ ಎಂಜಿನಿಯರ್ ಸುಮ್ಮನೆ ಹೆದರಿಸಿದ್ದ.

೩೦-೯-೧೯೯೮, ಬುಧವಾರ

ಆಯುಧ ಪೂಜೆ. ಆಫೀಸಿನಲ್ಲಿ ಜೀಪು, ಬೀರು, ಟೈಪ್‌ರೈಟರು, ಚುಚ್ಚುಮದ್ದಿನ ಸಿರಿಂಜು, ಎಲ್ಲಕ್ಕೂ ಪೂಜೆಯಾಯಿತು. ನನ್ನ ಮಿಷನ್ನಿಗೆ ಒಂದೇ ಒಂದು ಚುಕ್ಕೆ ಕುಂಕುಮ, ಅದೂ ಬದಿಯಲ್ಲಿ. ಹೂ ಬೇಡವೇ ಬೇಡ ಅಂದೆ.

ಒಂದು ಉಪಾಯ ಹೊಳೆದಿದೆ. ನಾಳೆ ವಿಜಯದಶಮಿ, ನಾಡಿದ್ದು ಗಾಂಧಿ ಜಯಂತಿ. ಸಾರ್ ದಸರಾ ನೋಡಲು ಮೈಸೂರಿಗೆ ಹೋಗಿದ್ದಾರೆ, ಸೋಮವಾರ ಬರುತ್ತಾರೆ. ಶನಿವಾರ ಆಫೀಸಿನಲ್ಲಿ ಜನವಿರುವುದಿಲ್ಲ. ಅವತ್ತು ನಾನಿಲ್ಲಿ, ಉಮ್ಮೆ ಹಬೀಬಾ ಅಲ್ಲಿ, ಎರಡನ್ನೂ ಒಂದೇ ದಿನ ಮುಗಿಸಿದರೆ ಸಾರ್ ಬರುವ ಹೊತ್ತಿಗೆ ಎಲ್ಲ ಸಿದ್ಧ. ಅವಳಿಗೆ ಫೋನ್ ಮಾಡಿ ಹೇಳಿದೆ.

"ಒಂದೊಂದಾಗಿ ಮಾಡ್ಬೇಕು ಅಂದಿದ್ರಲ್ಲ ಮೇಡಂ."

"ಚಂದಕವಾಡಿಯದು ಆಗಿದೆಯಲ್ಲ, ಸಾಕು. ನೀನು ಕಲಿತಿದ್ದೀಯ, ಧೈರ್ಯವಾಗಿ ಮಾಡು."

ಸರಿ ಅಂದಳು, ಆದರೆ ಆ ಸರಿ ಸರಿಯಾಗಿರಲಿಲ್ಲ. ಹುಡುಗಿಗೆ ಇನ್ನೂ ಧೈರ್ಯ ಸಾಲದು.

೩-೧೦-೧೯೯೮, ಶನಿವಾರ

ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಸುಮ್ಮನೆ ಕೂರಲು ಆಗುತ್ತಿಲ್ಲ.

ಬೆಳಿಗ್ಗೆ ನನ್ನ ಹಳೇ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಟ್ಟು, ಹೊಸದನ್ನು ಕೂರಿಸಿ ಮತ್ತೆ ಹಳೆಯದನ್ನು ಸೇರಿಸಿದರೆ ಅದು ತಿರುಗಲೇ ಇಲ್ಲ. ಟಿಕ್ ಟಿಕ್ ಅಂತ ಸದ್ದು ಮಾತ್ರ. ಆರು ವರ್ಷ ಒಂದು ದಿನವೂ ಬಿಡದೆ ದುಡಿದದ್ದು, ಎರಡು ದಿನ ರಜೆ ಕೊಟ್ಟು ಎಬ್ಬಿಸಿದರೆ ಏಳುವುದಿಲ್ಲ ಎಂದು ಮಲಗಿತು. ಹೋಗಲಿ, ಚಂದಕವಾಡಿಯಲ್ಲಿ ಎಲ್ಲ ಇದೆಯಲ್ಲ ಎಂದು ಫೋನ್ ಮಾಡಿದೆ. ಪುಟ್ಟಮಲ್ಲಪ್ಪನವರು ನೋಡಿ ಹೇಳಿದರು, ಅರ್ಧ ಪಟ್ಟಿ ಆದಮೇಲೆ ಒಂದು ಹಳ್ಳಿಯೂ ಇಲ್ಲ. ಅವತ್ತು ಬಂದು ಹೋದ ಇಂಗ್ಲಿಷ್ ಸಾಲು ಅದನ್ನೇ ಹೇಳುತ್ತಿತ್ತು, ನಾನು ಕೀ ಒತ್ತಿ ಬಾಯಿ ಮುಚ್ಚಿಸಿದ್ದೆ.

ಹಾಗಾದರೆ ಆ ಹಳೇ ಡಿಸ್ಕನ್ನು ಮತ್ತೆ ಸೇರಿಸಿ ಅಂದೆ. ಅವರ ದನಿಯಲ್ಲಿ ಹೆಮ್ಮೆ. "ಅದ್ಯಾ? ಆಯುದ ಪೂಜೆಗೆ ಉಣಸೇಹಣ್ಣಾಕಿ ಉಜ್ಜಿ, ನೀರಲ್ ತೊಳ್ದು, ಬಿಸ್ಲಲ್ಲಿ ಒಣಗ್ಸಿ, ಈಬೂತಿ ಹಚ್ಚಿ ಮಡ್ಗಿವ್ನಿ ಕಣವ್ವ. ತಳತಳ ಅಂತದೆ."

ಫೋನ್ ಇಟ್ಟೆ. ಮೂರರಲ್ಲಿ ಎರಡು ಹೋದವು. ಉಳಿದಿರುವುದು ಗುಂಡ್ಲುಪೇಟೆಯದೊಂದೇ, ಅದನ್ನು ಇವತ್ತೇ ಬಿಚ್ಚು ಎಂದು ನಾನೇ ಹೇಳಿದ್ದೇನೆ. ಫೋನ್ ಮಾಡಿದರೆ ಗುಂಡ್ಲುಪೇಟೆಯ ಲೈನ್ ಸತ್ತಿದೆ. ಅವಳ ಹಳೇ ಡಿಸ್ಕೂ ನನ್ನದರ ಜೊತೆ ಬಂದದ್ದೇ, ಅದೇ ವಯಸ್ಸಿನದು. ಅದೂ ಟಿಕ್ ಟಿಕ್ ಅಂದರೆ ಆರು ವರ್ಷದ ದನಕರು ಎಲ್ಲ ನೀರುಪಾಲು, ಚುಚ್ಚುಮದ್ದು ಯಾವುದಕ್ಕೆ ಆಗಿದೆ ಯಾವುದಕ್ಕಿಲ್ಲ ದೇವರಿಗೇ ಗೊತ್ತು.

ಶಿವರಾಮುಗೆ ವಿಷಯ ಹೇಳಿದೆ. ತೆರಕಣಾಂಬಿಯಲ್ಲಿ ಟೀಗೆ ಇಳಿಯಹೊರಟ ಡ್ರೈವರನ್ನು ಅವನು ಇಳಿಯಲು ಬಿಡಲಿಲ್ಲ. "ಅಣ್ಣೋ, ದನ ಎಲ್ಲ ಓಯ್ತಾ ಅವಂತೆ, ಒಡಿ ಗಾಡಿಯ" ಅಂದ. ಬಸ್ಸಿನಲ್ಲಿದ್ದವರೆಲ್ಲ ಯಾರ ದನ, ಎಷ್ಟು ದನ ಎಂದು ನನ್ನನ್ನು ಕೇಳುತ್ತಿದ್ದಾರೆ.

ಅದೇ ದಿನ, ಸಂಜೆ

ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. ಹಬೀಬಾ ಕಿಟಕಿಯ ಹತ್ತಿರ ಕೈಕಟ್ಟಿ ಕೂತಿದ್ದಳು. ಮೇಜಿನ ಮೇಲೆ ಹೊಸ ಡಿಸ್ಕ್ ಡಬ್ಬದಲ್ಲೇ ಇತ್ತು. ಮಿಷನ್ನಿಗೆ ಮೊನ್ನೆ ಹಾಕಿದ ಚೆಂಡುಹೂವಿನ ಹಾರ ಹಾಗೇ ಇತ್ತು. ಒಂದು ಸ್ಕ್ರೂ ಕೂಡ ಅಲುಗಿಲ್ಲ.

ನನ್ನನ್ನು ಕಂಡು ಎದ್ದು ನಿಂತಳು. "ಬಯ್ಬ್ಯಾಡಿ ಮೇಡಂ. ದೊಡ್ಡಮಾದಮ್ಮ ಕುದೇರಿಗೆ ಓಗವ್ಳೆ, ಮಗಳ ಮನೇಗೆ. ಪೂಜೆ ಊವ ನಾನೇ ಬಂದು ತೆಗೀತೀನಿ, ಅಲ್ಲೀಗಂಟ ಯಾರೂ ಬಿಚ್ಚಕೂಡ್ದು ಅಂತ ನನ್ ಕೈಲಿ ಮಾತ್ ತಕ್ಕಂಡು ಓದ್ಲು. ನಾ ತೆಗುದ್ರೆ ಅವ್ಳ್ಗೆ ನೋವಾಯ್ತದೆ. ನಿಮ್ಗೆ ಹೇಳನ ಅಂದ್ರೆ ಪೋನೇ ಇಲ್ಲ."

ನಾನು ನೆಲದ ಮೇಲೆ ಕೂತುಬಿಟ್ಟೆ. ನಗು ಬಂತು, ಅದರ ಬೆನ್ನಿಗೇ ಅಳು. ಹಬೀಬಾ ಹೆದರಿ ನೀರು ತಂದಳು. ಎಲ್ಲ ಹೇಳಿದೆ. ಹುಣಸೆಹಣ್ಣಿನ ಸಂಗತಿ ಬಂದಾಗ ಅವಳು ಸೆರಗು ಬಾಯಿಗೆ ಒತ್ತಿಕೊಂಡಳು, ಆಮೇಲೆ ತಡೆಯಲಾಗದೆ ನಕ್ಕಳು. ಇಬ್ಬರೂ ನಕ್ಕೆವು. ಕೆಳಗಿನ ಗೊಬ್ಬರದಂಗಡಿಯವನು ಏನಾಯಿತೆಂದು ಮೇಲೆ ಬಂದು ನೋಡಿಹೋದ.

ಈಗ ಬಿಚ್ಚೋಣವೇ ಎಂದು ಅವಳೇ ಕೇಳಿದಳು. ನಾನು ಬೇಡ ಅಂದೆ. ಉಳಿದಿರುವುದು ಇದೊಂದೇ. ಅವಸರ ಮಾಡಿ ಎರಡು ಕಳೆದಿದ್ದೇನೆ, ಮೂರನೆಯದಕ್ಕೆ ಅವಸರದ ಕೈ ಹಾಕುವುದಿಲ್ಲ. ಸೋಮವಾರ ದೊಡ್ಡಮಾದಮ್ಮ ಬರಲಿ, ಅವಳೇ ಹೂ ತೆಗೆಯಲಿ.

೪-೧೦-೧೯೯೮, ಭಾನುವಾರ

ಹಬೀಬಾ ಮನೆಯಲ್ಲೇ ಇದ್ದೇನೆ. ಬೆಳಿಗ್ಗೆ ಲೈನ್ ಬಂದ ಮೇಲೆ ಅಂಗಡಿಯೊಂದರ ಫೋನಿನಿಂದ ನಮ್ಮ ಪಕ್ಕದ ಮನೆಗೆ ಮಾತಾಡಿ ಅಮ್ಮನಿಗೆ ಸುದ್ದಿ ಮುಟ್ಟಿಸಿದೆ.

ಕುಲ್ಸುಂ ಬಿ ಮತ್ತೆ ಹೋಟೆಲಿಗೆ ಲೋಟ ಕಳಿಸಲು ಹೊರಟರು. ಮನೆಯದೇ ಕೊಡಿ ಅಂದೆ. ಎರಡು ಲೋಟ ಕುಡಿದೆ, ಶುಂಠಿ ಹಾಕಿದ್ದರು. ನನಗೆಂದು ಹೊಸ ಪಾತ್ರೆಯಲ್ಲಿ ಬೇರೆ ಅಡಿಗೆ ಮಾಡಿ, ಪಾತ್ರೆ ಹೊಸದೆಂದು ಮೂರು ಸಲ ಹೇಳಿದರು. ಮಧ್ಯಾಹ್ನ ಬಷೀರ್ ಸಾಹೇಬರು ಟಾರ್ಪಾಲಿಗೆ ತೇಪೆ ಹಾಕುವುದನ್ನು ನೋಡುತ್ತ ಕೂತೆ. ಹರಿದ ಜಾಗಕ್ಕಿಂತ ತೇಪೆ ದೊಡ್ಡದಿರಬೇಕಂತೆ, ಇಲ್ಲದಿದ್ದರೆ ದಾರ ಹಿಡಿಯಲು ಗಟ್ಟಿ ಬಟ್ಟೆ ಸಿಗುವುದಿಲ್ಲವಂತೆ.

ಹಬೀಬಾ ಬಟ್ಟೆ ಒಣಹಾಕುತ್ತ ಕೇಳಿದಳು, "ಎಡ್ಡಾಪೀಸಲ್ಲಿ ಕೆಲ್ಸ ನಿಂತೋಯ್ತಲ್ಲ ಮೇಡಂ. ಈಗ ನಮ್ದು ಮುಚ್ತಾರಾ?"

ಈ ಷರತ್ತು ಅವಳಿಗೂ ಗೊತ್ತು. ಯಾರು ಹೇಳಿದರೋ. ಮುಚ್ಚುವುದಕ್ಕೆ ನಾನು ಬಿಡುವುದಿಲ್ಲ ಅಂದೆ. ಹಾಗೆ ಯಾವ ಧೈರ್ಯದ ಮೇಲೆ ಅಂದೆನೋ ಗೊತ್ತಿಲ್ಲ.

೫-೧೦-೧೯೯೮, ಸೋಮವಾರ

ದೊಡ್ಡಮಾದಮ್ಮ ಮೊದಲ ಬಸ್ಸಿಗೇ ಬಂದಳು. ನಾವಿಬ್ಬರು ಹಾರದ ಮುಂದೆ ಕಾದು ಕೂತಿದ್ದನ್ನು ಕಂಡು, "ಇದ್ಯಾಕ್ರವ್ವ, ಹಸೆಮಣೆ ಮುಂದೆ ಕುಂತಂಗೆ ಕುಂತಿದ್ದೀರಿ" ಅಂದಳು. ಕೈಕಾಲು ತೊಳೆದು ಬಂದು, ಮಿಷನ್ನಿಗೆ ಕೈಮುಗಿದು ಹಾರ ತೆಗೆದಳು. ಒಂದು ಹೂ ನನ್ನ ಮುಡಿಗೆ, ಒಂದು ಹಬೀಬಾಳ ಕೈಗೆ.

ಮಿಷನ್ನು ಬಿಚ್ಚಿ ಹೊಸ ಡಿಸ್ಕ್ ಸೇರಿಸಿದೆವು. ಸ್ವಿಚ್ ಒತ್ತಿದೆ. ಹಳೆಯದು ಒಂದು ಸಲ ಗೊರಕೆ ಹೊಡೆದು ತಿರುಗತೊಡಗಿತು. ಕಾಪಿ ಮುಗಿದ ಮೇಲೆ ಹಬೀಬಾ ಹಳ್ಳಿಗಳನ್ನು ಒಂದೊಂದಾಗಿ ಓದಿದಳು, ನಾನು ಪಟ್ಟಿಗೆ ಗೆರೆ ಎಳೆದೆ. ನಾನು ಬೇಸರವಾಗಿ ಇನ್ನು ಸಾಕು ಅಂದರೆ, "ಇರ್ಲಿ ತಾಳಿ ಶಾಂತಕ್ಕ, ಇನ್ನ ಐತೆ" ಅನ್ನುತ್ತಿದ್ದಳು. ಎಲ್ಲ ಬಂದಿದ್ದವು. ಒಂದು ಹಳ್ಳಿ, ಒಂದು ಕರು ತಪ್ಪಿರಲಿಲ್ಲ.

ತುಂಬಿದ ಆ ಹೊಸ ಡಿಸ್ಕನ್ನು ನನ್ನ ಮಿಷನ್ನಿಗೆಂದು ಕುಲ್ಸುಂ ಬಿ ಕೊಟ್ಟ ಟವೆಲಿನಲ್ಲಿ ಸುತ್ತಿ, ಟಿಫನ್ ಡಬ್ಬಿಯಲ್ಲಿಟ್ಟು ಮಡಿಲಲ್ಲಿ ಇಟ್ಟುಕೊಂಡೆ. ಅವಳ ಹಳೆಯದು ಅಲ್ಲೇ ಓಡುತ್ತಿರಲಿ, ಯಾರೂ ಮುಟ್ಟಬೇಡಿ ಅಂದೆ. ಶಿವರಾಮು ಮುಂದಿನ ಸೀಟು ಬಿಡಿಸಿಕೊಟ್ಟ. "ಕೂಸ ಎತ್ಕಂಡಂಗೆ ಎತ್ಕಂಡಿದ್ದೀರಲ್ಲವ್ವ." ರಸ್ತೆಯ ಪ್ರತಿ ಹಂಪಿನಲ್ಲೂ ಡ್ರೈವರ್ ಹಿಂದೆ ತಿರುಗಿ, ಸರಿಯಾ ಎಂದು ಕೇಳುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ನನ್ನ ಮಿಷನ್ನಿನಲ್ಲಿ ದನಗಳೆಲ್ಲ ಮರಳಿ ಬಂದವು. ಆದರೆ ಮಹಾಲಿಂಗ ಸಾರ್ ಬೆಳಿಗ್ಗೆಯೇ ಬಂದು ಕತ್ತಲಾಗಿದ್ದ ಪರದೆ ನೋಡಿಯಾಗಿತ್ತು. ಚುಚ್ಚುಮದ್ದು ಮುಗಿಯಲಿ, ಆಮೇಲೆ ಕೂತು ಮಾತಾಡೋಣ ಅಂದರು.

೮-೧೦-೧೯೯೮, ಗುರುವಾರ

ಚಂದಕವಾಡಿಗೆ ಕಡಿಮೆ ಬಿದ್ದ ಹಳ್ಳಿಗಳನ್ನು ಫ್ಲಾಪಿಯಲ್ಲಿ ಒಯ್ದು ತುಂಬಿಸಿ ಬಂದೆ. ಈ ಸಲ ಎಣಿಸಿದೆ. ಎರಡು ಸಲ. ಬಸ್ಸು ಹಾರನ್ ಮಾಡಿ ಮಾಡಿ ಹೊರಟುಹೋಯಿತು, ಹಾಲಿನ ವ್ಯಾನಿನಲ್ಲಿ ಬಂದೆ.

ಪುಟ್ಟಮಲ್ಲಪ್ಪನವರು ಆ ಡಿಸ್ಕನ್ನು ತಟ್ಟೆಯಲ್ಲಿಟ್ಟು ತಂದು ತೋರಿಸಿದರು. ನಿಜಕ್ಕೂ ಥಳಥಳ ಅನ್ನುತ್ತಿತ್ತು. ಮೇಲಿದ್ದ ಕಂಪನಿಯ ಹೆಸರು ಕೂಡ ಉಜ್ಜಿಹೋಗಿತ್ತು. ಅಡಿಯ ಹಸಿರು ಹಲಗೆಯಲ್ಲಿ ತಂತಿ ಸಿಕ್ಕಿಸುವ ಸಣ್ಣ ಕಾಲುಗಳೇ ಉಳಿದಿರಲಿಲ್ಲ.

"ನನ್ನ ಕೆಲ್ಸದಿಂದ ತೆಗ್ದಾಕ್ತಾರಾ ಅವ್ವ? ಮೂವತ್ತೊರ್ಸದಿಂದ ಹಾಲಿನ ಮಾಪು, ಕ್ಯಾನು, ಎಲ್ಲಾನೂ ಇಂಗೇ ತೊಳ್ದೋನು ನಾನು. ನೀರಾಕಬಾರ್ದು ಅಂತ ಯಾರೂ ಹೇಳ್ನಿಲ್ಲ."

ಹೌದಲ್ಲ. ಜೋಪಾನ ಅಂದೆನೇ ಹೊರತು ಹೇಗೆ ಎಂದು ಹೇಳಲಿಲ್ಲ. ಅವರು ಗೊತ್ತಿದ್ದ ರೀತಿಯಲ್ಲಿ ಜೋಪಾನ ಮಾಡಿದ್ದಾರೆ. ನಿಮ್ಮದು ತಪ್ಪಲ್ಲ ಅಣ್ಣ ಅಂದೆ. ಮೊಸರು ತಂದುಕೊಟ್ಟರು.

೧೨-೧೦-೧೯೯೮, ಸೋಮವಾರ

ಚುಚ್ಚುಮದ್ದು ಶುರು. ಮೂರು ಕಡೆಯಿಂದಲೂ ಪಟ್ಟಿ ಸರಿಯಾಗಿ ಬಂತು. ಒಂದು ಎಮ್ಮೆ ಡಾಕ್ಟರನ್ನು ಒದ್ದಿತು. ಅದರ ತಾಯಿಯೂ ಹಿಂದೆ ಒದ್ದಿತ್ತಂತೆ, ಅದನ್ನೂ ಬರೆಯಲು ಒಂದು ಜಾಗ ಮಾಡಬೇಕು. ಈಗ ಡಿಸ್ಕಿನಲ್ಲಿ ಜಾಗಕ್ಕೇನು ಕೊರತೆ.

೧೫-೧೦-೧೯೯೮, ಗುರುವಾರ

ಸಾರ್ ಎಲ್ಲರನ್ನೂ ಕರೆಸಿದ್ದರು. ಹಬೀಬಾ ಗೋಡೆ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಪುಟ್ಟಮಲ್ಲಪ್ಪನವರು ಕೂರಲೇ ಇಲ್ಲ.

"ಹೆಡ್ಡಾಫೀಸಲ್ಲಿ ಶನಿವಾರ, ಸೋಮವಾರ ಕೆಲ್ಸ ನಿಂತಿತ್ತು" ಎಂದು ಸಾರ್ ಶುರು ಮಾಡಿದರು. "ಈ ಪುಟ್ಟಮಲ್ಲಪ್ಪ ಡಿಸ್ಕ್ ತೊಳ್ದು ಎಡವಟ್ಟು ಮಾಡ್ದ. ನಾನು ಮಾತು ಕೊಟ್ಟಂಗೆ, ಶಾಂತಮಲ್ಲಮ್ಮನ ವರದಿ ಪ್ರಕಾರ ಎರಡೂ ಸೆಂಟರ್ ಮುಚ್ಚಿ, ಇಲ್ಲೊಂದೇ ದೊಡ್ಡದು ಇಡನ. ಅದಕ್ಕೆ ಅವ್ರೇ ಮುಖ್ಯಸ್ಥೆ."

ಹಬೀಬಾ ನೆಲ ನೋಡಿದಳು. ನಾನು ಎದ್ದು ನಿಂತೆ.

"ಕೆಲಸ ನಿಂತದ್ದು ಅವರಿಂದಲ್ಲ ಸಾರ್, ನನ್ನಿಂದ. ಹಳ್ಳಿ ಎಣಿಸದೆ ಬಸ್ಸಿಗೆ ಓಡಿದೆ. ಒಂದೊಂದಾಗಿ ಬಿಚ್ಚಿ ಅಂದರೆ ಎರಡನ್ನು ಒಂದೇ ದಿನ ಬಿಚ್ಚಿಸಲು ಹೋದೆ. ಇದೇ ಊರಲ್ಲಿ ಒಂದೇ ಮಿಷನ್ನು ಇದ್ದಿದ್ದರೆ ಅವತ್ತು ಟಿಕ್ ಟಿಕ್ ಅಂದಾಗಲೇ ಕಥೆ ಮುಗಿಯುತ್ತಿತ್ತು. ಗುಂಡ್ಲುಪೇಟೆ ಇದ್ದದ್ದಕ್ಕೆ ದನ ಉಳಿದವು. ಅದನ್ನು ಮುಚ್ಚುವುದಾದರೆ ಮೊದಲು ನನ್ನನ್ನು ಕಳಿಸಿ."

ಸಾರ್ ಮೇಜಿನ ಖಾನೆಯಿಂದ ನನ್ನ ಎರಡು ಪುಟ ತೆಗೆದು ಹಿಡಿದರು. "ಮತ್ತೆ ಇದು? ಇದ ಬರ್ದಿದ್ದು ಯಾರು?"

"ಅದು ಬರೀ ಲೆಕ್ಕಾಚಾರ ಸಾರ್" ಅಂದೆ.

ಸಾರ್ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಅಷ್ಟು ಹೊತ್ತು ನನಗೆ ಹಬೀಬಾಳ ಅಮ್ಮ ಬಾಗಿಲವರೆಗೆ ಬಂದು ಹೇಳಿದ ಮಾತೇ ಕಿವಿಯಲ್ಲಿ. ಕೊನೆಗೆ ಅವರು ಎರಡೂ ಪುಟ ಹರಿದು ಬುಟ್ಟಿಗೆ ಹಾಕಿದರು. "ಸರಿ, ಮೂರೂ ಇರ್ಲಿ ಬುಡಿ. ಆ ಹುಡುಗೀನ ಪರ್ಮನೆಂಟ್ ಮಾಡೋಕೆ ನಾನು ಕಮಿಟಿಗೆ ಬರೀತೀನಿ. ಮುಖ್ಯಸ್ಥೆ ಗಿಖ್ಯಸ್ಥೆ ಈಗ ಇಲ್ಲ, ಅದ್ ಹೇಳ್ಬುಟ್ಟಿದ್ದೀನಿ."

ಹೊರಗೆ ಬಂದ ಮೇಲೆ ಹಬೀಬಾ ನನ್ನ ಕೈ ಹಿಡಿದುಕೊಂಡಳು. ಬಸ್ ಸ್ಟ್ಯಾಂಡಿನವರೆಗೂ ಬಿಡಲಿಲ್ಲ. ಬಹಳ ಸಂತೋಷವಾಯಿತು. ಆ ತೊಳೆದ ಡಿಸ್ಕ್ ಈಗ ಸಾರ್ ಮೇಜಿನ ಮೇಲಿದೆ, ಕಾಗದ ಹಾರದಂತೆ ಇಡಲು.

ಮುಖ್ಯಸ್ಥೆಯ ಕೆಲಸ ಹೋಯಿತಲ್ಲ ಎಂದು ಅಮ್ಮ ಕೇಳಿದಳು. ಅದೇನು ದೊಡ್ಡ ಮಾತು. ಮೂರು ಕಡೆಯೂ ಇರಬೇಕೆಂದು ನಾನು ಮೊದಲಿನಿಂದಲೂ ಅನ್ನುತ್ತಲೇ ಇದ್ದೆನಲ್ಲ.

೨೪-೧೦-೧೯೯೮, ಶನಿವಾರ

ಉಳಿದದ್ದು ಒಂದೇ, ನನಗೆಂದು ಬಂದು ಖಾಲಿ ಉಳಿದಿದ್ದ ಹೊಸ ಡಿಸ್ಕನ್ನು ಗುಂಡ್ಲುಪೇಟೆಯ ಮಿಷನ್ನಿಗೆ ಹಾಕುವುದು. ಇವತ್ತು ಹಬೀಬಾ ಒಬ್ಬಳೇ ಮಾಡಿದಳು. ನಾನು ಹೋಗಲಿಲ್ಲ, ಹೋಗುವ ಅಗತ್ಯವೂ ಇರಲಿಲ್ಲ.

ದೀಪಾವಳಿ ಕಳೆದ ಮೇಲೆ ನಾನು ಒಂದು ಸುತ್ತೋಲೆ ಹೊರಡಿಸಿದ್ದೇನೆ, ಸಾರ್ ನಗುತ್ತ ಸಹಿ ಹಾಕಿದರು. ಒಂದು ಕಡೆ ಮಿಷನ್ನು ಬಿಚ್ಚುವ ದಿನ, ಉಳಿದೆರಡು ಕಡೆ ಬೆಳಿಗ್ಗೆಯೇ ಮಿಷನ್ನಿನ ಮೇಲೆ ಹೂ ಇಡತಕ್ಕದ್ದು. ಹೂ ಇರುವ ಮಿಷನ್ನನ್ನು ಯಾರೂ ಬಿಚ್ಚತಕ್ಕದ್ದಲ್ಲ. ಬಿಚ್ಚಿದವರು ಹಳ್ಳಿಗಳನ್ನೆಲ್ಲ ಎಣಿಸಿ ತಿಳಿಸಿದ ಮೇಲೆ ಹೂ ತೆಗೆಯತಕ್ಕದ್ದು. ಹೂವನ್ನು ಗಾಳಿಯಾಡುವ ತೂತುಗಳ ಕಡೆ ಇಡಬಾರದು. ಯಾವುದನ್ನೂ ನೀರಿನಲ್ಲಿ ತೊಳೆಯಬಾರದು. ಕೊನೆಯದನ್ನು ಪುಟ್ಟಮಲ್ಲಪ್ಪನವರೇ ಸೇರಿಸಲು ಹೇಳಿದರು.

ಹೂ ತರಲು ಮರೆತಿದ್ದೆ. ಬೆಳಿಗ್ಗೆ ಶಿವರಾಮು ಸ್ಟೀಲ್ ಡಬ್ಬಿ ತಂದುಕೊಟ್ಟ, ಫ್ಲಾಪಿಯ ಮೇಲೆ ಬಾಳೆ ಎಲೆಯಲ್ಲಿ ಸುತ್ತಿದ ಚೆಂಡುಹೂ. ನಾನು ಮರೆಯುತ್ತೇನೆಂದು ದೊಡ್ಡಮಾದಮ್ಮ ಕಳಿಸಿದ್ದಾಳೆ. ನನ್ನ ಮಾನಿಟರ್ ಮೇಲೆ ನಾನೇ ಇಟ್ಟೆ. ಕುಂಕುಮವನ್ನೂ ಇಟ್ಟೆ, ಹಣೆಗೇ.

ದಿನವಿಡೀ ಫೋನಿನ ಪಕ್ಕ ಕೂತೆ. ಮೂರು ಗಂಟೆಗೆ ಹಬೀಬಾ ಫೋನ್ ಮಾಡಿ ಹಳ್ಳಿಗಳನ್ನು ಓದತೊಡಗಿದಳು. ನಾನು ಒಂದೊಂದಕ್ಕೂ ಹೂಂ ಅಂದೆ. ಕೊನೆಯ ಹೆಸರಿಗೂ ಗೆರೆ ಎಳೆದು ಪಟ್ಟಿ ಮಡಚಿದೆ. ಆಚೆಯಿಂದ ಲಾರಿ ಹಾರನ್ನು, ದೊಡ್ಡಮಾದಮ್ಮ ಯಾರನ್ನೋ ಬಯ್ಯುವುದು ಕೇಳುತ್ತಿತ್ತು.

"ಎಲ್ಲಾ ಬಂದ್ವು ಶಾಂತಕ್ಕ. ಇನ್ನ ಊವ ತೆಗೀಬೋದು."

ಸರಿ ಅಂದು ಫೋನ್ ಇಟ್ಟೆ. ಹೂ ಇನ್ನೂ ಬಾಡಿರಲಿಲ್ಲ. ಸೋಮವಾರದವರೆಗೂ ಇರಲಿ ಎಂದು ಹಾಗೇ ಬಿಟ್ಟು, ದೀಪ ಆರಿಸಿ ಮನೆಗೆ ಬಂದೆ.